ಜುಂಜುವಿನ ಬಾಲ ಬಿಡಿಸಿದರೆ ಸಾಲದು, ಎಣಿಸಬೇಕು

ಮಾನ್ಯ ಸಂಪಾದಕರೇ,

ಅನುವಂಶೀಯತೆಯನ್ನು ಕಲಿಸುವ ಒಂದು ಆಟ ವಿಜ್ಞಾನ ಪುಟಗಳಲ್ಲೂ ಮಕ್ಕಳ ಪುರವಣಿಗಳಲ್ಲೂ ಆಗಾಗ ಬರುತ್ತಿರುತ್ತದೆ. ಎಲ್ಲೂ ಇಲ್ಲದ ಪ್ರಾಣಿಯೊಂದನ್ನು ಕಲ್ಪಿಸಿಕೊಂಡು, ಅದಕ್ಕೆ ಅಪ್ಪ ಅಮ್ಮನನ್ನು ಗೊತ್ತುಮಾಡಿ, ನಾಣ್ಯ ಚಿಮ್ಮಿ ಮರಿಯ ಬಾಲ, ಕೊಂಬು, ಬಣ್ಣ ತೀರ್ಮಾನಿಸಿ ಚಿತ್ರ ಬರೆಯುವ ಆಟ. ಆಟ ಒಳ್ಳೆಯದೇ. ಆದರೆ ಅಚ್ಚಾಗುವ ರೂಪದಲ್ಲಿ ಅದು ಬಹುಪಾಲು ಚಿತ್ರದ ಹತ್ತಿರವೇ ಮುಗಿದುಹೋಗುತ್ತದೆ. ಒಂದು ಮರಿ, ಒಂದೇ ಪೀಳಿಗೆ, ಎಣಿಕೆಯ ಸುದ್ದಿಯೇ ಇಲ್ಲ. ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಗ್ರೆಗರ್ ಮೆಂಡೆಲ್‌ಗಿಂತ ಮೊದಲೂ ಬಟಾಣಿ ಗಿಡಗಳನ್ನು ಸಂಕರ ಮಾಡಿದವರಿದ್ದರು. ಮಕ್ಕಳಲ್ಲಿ ಮರೆಯಾದ ಗುಣ ಮೊಮ್ಮಕ್ಕಳಲ್ಲಿ ತಲೆಯೆತ್ತುವುದನ್ನು ಕಂಡವರೂ ಇದ್ದರು. ಅದನ್ನು ಎಣಿಸಿ, ಆ ಲೆಕ್ಕಕ್ಕೆ ಅರ್ಥ ಕೊಟ್ಟದ್ದು ಮೆಂಡೆಲ್. 1865ರಲ್ಲಿ ಓದಿ 1866ರಲ್ಲಿ ಅಚ್ಚು ಹಾಕಿಸಿದ ಆ ಲೆಕ್ಕ 1900ರವರೆಗೆ ಯಾರ ಗಮನಕ್ಕೂ ಸರಿಯಾಗಿ ಬೀಳಲಿಲ್ಲ. ಎಣಿಕೆ ಬಿಟ್ಟು ಆಡಿಸಿದರೆ ನಾವು ಮಕ್ಕಳನ್ನು ಮೆಂಡೆಲ್‌ಗಿಂತ ಹಿಂದಕ್ಕೆ ಕರೆದೊಯ್ದಂತಾಗುತ್ತದೆ. ಹಾಗಾಗಿ ಆಟವನ್ನು ಸರಿಯಾಗಿ ಹೂಡುವುದು ಹೇಗೆ, ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಮುಂದೆ ಈ ಆಟವನ್ನು ಪ್ರಕಟಿಸುವಾಗ ಎರಡು ಪೀಳಿಗೆ ಮತ್ತು ಒಂದು ಎಣಿಕೆಯ ಪಟ್ಟಿ, ಇವಿಷ್ಟಾದರೂ ಇರಲಿ ಎಂಬುದು ನಮ್ಮ ಕೋರಿಕೆ.

ಪ್ರಾಣಿಗೆ ಜುಂಜು ಎಂದು ಹೆಸರಿಡೋಣ. ಅದಕ್ಕೆ ನಾಲ್ಕೇ ಗುಣ ಸಾಕು. ಹತ್ತು ಗುಣ ಕೊಟ್ಟರೆ ಚಿತ್ರ ಚೆಂದ ಬರುತ್ತದೆ, ಲೆಕ್ಕ ಕೈತಪ್ಪುತ್ತದೆ. ಬಾಲ ಸುರುಳಿ ಅಥವಾ ನೇರ, ಕಾಲಿಗೆ ಮೂರು ಬೆರಳು ಅಥವಾ ಎರಡು, ತಲೆ ಬೋಳು ಅಥವಾ ಕೊಂಬುಳ್ಳದ್ದು, ಮೈ ನೀಲಿ ಅಥವಾ ಹಳದಿ. ಮೊದಲ ಮೂರರಲ್ಲಿ ಮೊದಲು ಹೇಳಿದ್ದು ಪ್ರಬಲ, ಅಂದರೆ ಎರಡೂ ಸೇರಿದಾಗ ಮೇಲೆ ಕಾಣುವುದು; ಮರೆಯಾಗುವ ಇನ್ನೊಂದು ದುರ್ಬಲ. ಮೈಬಣ್ಣದಲ್ಲಿ ಯಾವುದೂ ಪ್ರಬಲವಲ್ಲ. ಎರಡೂ ಸೇರಿದರೆ ಹಸಿರು.

ಇಂಗ್ಲಿಷ್ ಪುಸ್ತಕಗಳಲ್ಲಿ ಪ್ರಬಲಕ್ಕೆ ದೊಡ್ಡಕ್ಷರ, ದುರ್ಬಲಕ್ಕೆ ಅದೇ ಅಕ್ಷರದ ಸಣ್ಣ ರೂಪ ಬರೆಯುತ್ತಾರೆ. ನಮ್ಮ ಲಿಪಿಯಲ್ಲಿ ಆ ಭೇದ ಇಲ್ಲ. ಹಾಗೆಂದು ಸುರುಳಿಗೆ ‘ಸು’, ನೇರಕ್ಕೆ ‘ನೇ’ ಎಂದು ಬರೆಸಿದರೆ ಅವೆರಡೂ ಒಂದೇ ವಂಶವಾಹಿಯ (ತಂದೆ ತಾಯಿಯಿಂದ ಮರಿಗೆ ಗುಣ ಸಾಗಿಸುವ ಘಟಕದ, ಜೀನ್‌ನ) ಎರಡು ರೂಪಗಳು ಎಂಬುದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಎರಡು ಬೇರೆ ಬೇರೆ ವಂಶವಾಹಿಗಳೆಂದೇ ತಿಳಿಯುತ್ತಾರೆ. ನಮ್ಮಲ್ಲಿ ಹ್ರಸ್ವ ದೀರ್ಘ ಇದೆಯಲ್ಲ, ಅದನ್ನೇ ಬಳಸಬಹುದು. ದೀರ್ಘ ಬಂದರೆ ಪ್ರಬಲ, ಹ್ರಸ್ವ ಬಂದರೆ ದುರ್ಬಲ. ಬಾಲಕ್ಕೆ ಬಾ ಮತ್ತು ಬ, ಕಾಲಿಗೆ ಕಾ ಮತ್ತು ಕ, ತಲೆಗೆ ತಾ ಮತ್ತು ತ. ಎರಡೂ ಪ್ರಬಲವಾದ ಜುಂಜುವನ್ನು ಬಾಬಾ, ಕಾಕಾ, ತಾತಾ ಎಂದು ಓದಿ ಮಕ್ಕಳು ನಗುತ್ತಾರೆ. ನಗಲಿ, ಹಾಗಾದರೂ ನೆನಪಿರುತ್ತದೆ. ಬಣ್ಣಕ್ಕೆ ಮಾತ್ರ ಹ್ರಸ್ವ ದೀರ್ಘ ಬೇಡ, ಮ1 ಎಂದರೆ ನೀಲಿ, ಮ2 ಎಂದರೆ ಹಳದಿ.

ತಲೆಯ ವಿಷಯದಲ್ಲಿ ಕೊಂಬಿಲ್ಲದಿರುವುದನ್ನು ಪ್ರಬಲ ಮಾಡಿರುವುದು ಬೇಕೆಂದೇ. ‘ಇರುವುದು’ ಪ್ರಬಲ, ‘ಇಲ್ಲದಿರುವುದು’ ದುರ್ಬಲ ಎಂದು ಮಕ್ಕಳು ತಾವಾಗಿಯೇ ಊಹಿಸುತ್ತಾರೆ. ನಿಜವಾದ ದನಗಳಲ್ಲೂ ಬೋಳುತನವೇ ಪ್ರಬಲ. ‘ಪ್ರಬಲ’, ‘ದುರ್ಬಲ’ ಎಂಬ ಪಠ್ಯಪುಸ್ತಕದ ಮಾತುಗಳೇ ಅರ್ಧ ಗೊಂದಲಕ್ಕೆ ಕಾರಣ. ದುರ್ಬಲ ಎಂದೊಡನೆ ರೋಗಿಷ್ಠ, ಸೋಲುವ, ನಾಲ್ಕಾರು ಪೀಳಿಗೆಯಲ್ಲಿ ಅಳಿದುಹೋಗುವ ಗುಣ ಎಂಬ ಭಾವನೆ ಬರುತ್ತದೆ. ಪ್ರಬಲ ಎಂದರೆ ಹೆಚ್ಚು ಕಾಣಸಿಗುವುದು ಎಂಬ ಇನ್ನೊಂದು ತಪ್ಪೂ ಜೊತೆಗೆ ಸೇರಿಕೊಳ್ಳುತ್ತದೆ. ಮನುಷ್ಯರಲ್ಲಿ ಆರು ಬೆರಳು ಎಷ್ಟೋ ಮನೆತನಗಳಲ್ಲಿ ಪ್ರಬಲ ಗುಣವಾಗಿಯೇ ಹರಿದುಬರುತ್ತದೆ, ಆದರೂ ಬಹುತೇಕ ಎಲ್ಲರಿಗೂ ಐದೇ ಬೆರಳು. ಸುಕ್ಕು ಬಟಾಣಿಯಲ್ಲಿ ಪಿಷ್ಟಕ್ಕೆ ಕವಲು ಮೂಡಿಸುವ ಒಂದು ಕಿಣ್ವದ ವಂಶವಾಹಿ ಕೆಟ್ಟಿದೆ ಎಂಬುದು 1990ರಲ್ಲಿ ಗೊತ್ತಾಯಿತು. ಒಂದು ಸರಿಯಾದ ಪ್ರತಿ ಇದ್ದರೂ ಕಾಳು ದುಂಡಗಾಗಲು ಸಾಕು, ದುಂಡನೆಯ ಗುಣ ‘ಪ್ರಬಲ’ವಾಗಿರುವುದು ಅದಕ್ಕೇ. ‘ಮೇಲೆ ಕಾಣುವುದು’, ‘ಮರೆಯಲ್ಲಿರುವುದು’ ಎಂದು ಮೊದಲ ದಿನ ಹೇಳಿ, ಪಠ್ಯದ ಹೆಸರನ್ನು ಆಮೇಲೆ ಕೊಡುವುದು ವಾಸಿ.

ಇನ್ನು ಸಾಮಾನು. ಇಬ್ಬರು ಮಕ್ಕಳಿಗೆ ಒಂದು ಜೊತೆ ಜುಂಜು. ಒಂದೇ ದಪ್ಪದ ರಟ್ಟಿನಲ್ಲಿ 2 ಸೆಂಟಿಮೀಟರ್ ಚೌಕದ 20 ಚೀಟಿ: ಅಪ್ಪನಿಗೆ 10, ಅಮ್ಮನಿಗೆ 10. ಅಪ್ಪನದು ನೀಲಿ ಶಾಯಿ, ಅಮ್ಮನದು ಕೆಂಪು. ನಾಲ್ಕು ಗುಣಕ್ಕೆ ಎರಡೆರಡರಂತೆ ಎಂಟು ಚೀಟಿ. ಉಳಿದ ಎರಡು ಲಿಂಗಕ್ಕೆ, ಹೆಣ್ಣಿಗೆ ಎಕ್ಸ್ ಎಕ್ಸ್, ಗಂಡಿಗೆ ಎಕ್ಸ್ ವೈ. ತೆಳು ಕಾಗದ ಬೇಡ, ಹಿಂಬದಿಗೆ ಶಾಯಿ ಇಣುಕಿದರೆ ಆಯ್ಕೆ ಕುರುಡಾಗಿ ಉಳಿಯುವುದಿಲ್ಲ. ತಮಗಿಷ್ಟವಾದ ಕೊಂಬಿನ ಮರಿಯನ್ನೇ ಹುಟ್ಟಿಸುವ ಉತ್ಸಾಹ ಮಕ್ಕಳಲ್ಲಿ ಸಾಕಷ್ಟಿರುತ್ತದೆ.

ಚೀಟಿಗಳನ್ನು ಬರಹ ಕೆಳಗಾಗಿ, ಒಂದೊಂದು ಗುಣಕ್ಕೆ ಒಂದೊಂದು ಸಾಲಿನಂತೆ ಐದು ಸಾಲಾಗಿ ಇಡಬೇಕು. ಪ್ರತಿ ಸಾಲಿನ ಎರಡು ಚೀಟಿಗಳನ್ನು ಅದಲು ಬದಲು ಮಾಡಿ ಒಂದನ್ನು ಮುಂದಕ್ಕೆ ಸರಿಸಬೇಕು. ಹೀಗೆ ಮುಂದೆ ಬಂದ ಐದು ಚೀಟಿಗಳೇ ಒಂದು ಲಿಂಗಾಣು: ಅಪ್ಪನ ಕಡೆಯಿಂದ ವೀರ್ಯಾಣು, ಅಮ್ಮನ ಕಡೆಯಿಂದ ಅಂಡಾಣು. ಎರಡನ್ನೂ ಸೇರಿಸಿದರೆ ಹತ್ತು ಚೀಟಿಯ ಮರಿ. ಅದನ್ನು ಪಟ್ಟಿಯಲ್ಲಿ ಬರೆದುಕೊಂಡು, ಚೀಟಿಗಳನ್ನು ಅವವುಗಳ ಸಾಲಿಗೆ ಮರಳಿಸಿ, ಮತ್ತೆ ಕಲಸಿ ಮುಂದಿನ ಮರಿಗೆ ಹೋಗಬೇಕು.

ಕೆಡುವುದು ಹೆಚ್ಚಾಗಿ ಇಲ್ಲೇ. ಒಂದು ತಪ್ಪು, ಅಪ್ಪ ಅಮ್ಮ ಇಬ್ಬರ ಬಾಲದ ಚೀಟಿಗಳನ್ನೂ ಒಂದೇ ಡಬ್ಬಿಗೆ ಹಾಕಿ ಎರಡನ್ನು ಎತ್ತುವುದು. ಹೊರನೋಟಕ್ಕೆ ವ್ಯತ್ಯಾಸ ಕಾಣದು. ಆದರೆ ಆಗ ಎರಡೂ ಚೀಟಿ ಒಬ್ಬರಿಂದಲೇ ಬಂದುಬಿಡಬಹುದು. ಬಾಬ ಮತ್ತು ಬಾಬ ಜೋಡಿಯಲ್ಲಿ ನೇರ ಬಾಲದ ಮರಿ ನಾಲ್ಕರಲ್ಲೊಂದು ಬರಬೇಕಾದದ್ದು, ಈ ಡಬ್ಬಿಯಲ್ಲಿ ಆರರಲ್ಲೊಂದಕ್ಕೆ ಇಳಿಯುತ್ತದೆ. 3:1 ಹೋಗಿ 5:1 ಆಗುತ್ತದೆ. ಬಾಬಾ ಮತ್ತು ಬಬ ಜೋಡಿಯನ್ನೇ ಡಬ್ಬಿಗೆ ಹಾಕಿದರಂತೂ ಮೊದಲ ಪೀಳಿಗೆಯಲ್ಲೇ ನೇರ ಬಾಲ ಹುಟ್ಟುತ್ತದೆ, ಆಗಬಾರದ್ದು. ಚೀಟಿಗಳಿಗೆ ಎರಡು ಶಾಯಿ ಇರುವುದು ಈ ತಪ್ಪು ಹಿಡಿಯಲಿಕ್ಕೇ. ಮರಿಯ ಪ್ರತಿ ಸಾಲಿನಲ್ಲೂ ಒಂದು ನೀಲಿ, ಒಂದು ಕೆಂಪು ಇರಲೇಬೇಕು.

ಇನ್ನೊಂದು, ಒಂದು ಮರಿ ಆದಮೇಲೆ ಚೀಟಿ ಮರಳಿಸದೆ ಉಳಿದ ಚೀಟಿಯಿಂದ ಎರಡನೆಯ ಮರಿ ಮಾಡುವುದು. ಒಟ್ಟು ಲೆಕ್ಕದಲ್ಲಿ ಇದು ಸಿಕ್ಕಿಬೀಳುವುದೂ ಕಷ್ಟ. ಆದರೆ ಮೊದಲ ಮರಿ ಬಬ ಆದರೆ ಎರಡನೆಯದು ಬಾಬಾ ಆಗಲೇಬೇಕಾಗುತ್ತದೆ. ಅಣ್ಣ ತಮ್ಮ ಇಬ್ಬರೂ ನೇರ ಬಾಲದವರಾಗುವ ಸಾಧ್ಯತೆಯೇ ಇರುವುದಿಲ್ಲ. ನಿಜದಲ್ಲಿ ಹಿಂದಿನ ಮರಿ ಏನಾಯಿತೆಂಬುದು ಮುಂದಿನ ಮರಿಗೆ ತಿಳಿಯದು.

ನಾಣ್ಯ ಬಳಸುವವರೂ ಎಚ್ಚರ ವಹಿಸಬೇಕು. ‘ತಲೆ ಬಿದ್ದರೆ ಸುರುಳಿ, ಹೂ ಬಿದ್ದರೆ ನೇರ’ ಎಂದು ಗುಣಕ್ಕೊಂದು ನಾಣ್ಯ ಚಿಮ್ಮಿಸಿದರೆ ಅನುಪಾತ 1:1 ಬರುತ್ತದೆ, ಜೋಡಿ ವಂಶವಾಹಿಯ ಕಲ್ಪನೆಯೇ ಬರುವುದಿಲ್ಲ. ನಾಣ್ಯ ತೀರ್ಮಾನಿಸಬೇಕಾದದ್ದು ಮರಿಯ ಬಾಲವನ್ನಲ್ಲ, ತಂದೆ ತಾಯಿಯ ಎರಡು ಚೀಟಿಗಳಲ್ಲಿ ಯಾವುದು ಹೋಗುತ್ತದೆ ಎಂಬುದನ್ನು. ಬಾಬಾ ಇರುವ ತಂದೆಗೆ ನಾಣ್ಯವೇ ಬೇಡ, ಯಾವ ಮುಖ ಬಿದ್ದರೂ ಹೋಗುವುದು ಬಾ.

ಮೊದಲ ಜೋಡಿ ಶುದ್ಧ ತಳಿಯದಾಗಿರಲಿ. ಒಬ್ಬರು ಬಾಬಾ ಕಾಕಾ ತಾತಾ ಮ1ಮ1, ಇನ್ನೊಬ್ಬರು ಬಬ ಕಕ ತತ ಮ2ಮ2. ಇವರ ಮರಿಗಳೆಲ್ಲ ಸುರುಳಿ ಬಾಲ, ಮೂರು ಬೆರಳು, ಬೋಳು ತಲೆ, ಹಸಿರು ಮೈ. ಎಂಟು ಮರಿ ಮಾಡಿದರೂ ಎಂಟೂ ಒಂದೇ ಅಚ್ಚು. ‘ಆಟ ಕೆಟ್ಟಿತು’ ಎಂದು ಮಕ್ಕಳು ದೂರುವುದು ಈ ಹಂತದಲ್ಲೇ, ಆಟ ಬರೆಯುವವರು ಈ ಹಂತವನ್ನೇ ಹಾರಿಸುವುದೂ ಅದಕ್ಕೇ. ಹಾರಿಸಬಾರದು. ಕೊಂಬು, ನೇರ ಬಾಲ, ನೀಲಿ, ಹಳದಿ ಎಲ್ಲವೂ ಕಣ್ಣಿಂದ ಮರೆಯಾಗಿ ಚೀಟಿಯಲ್ಲಿ ಮಾತ್ರ ಉಳಿದಿರುವ ಈ ಪೀಳಿಗೆ ಇಲ್ಲದಿದ್ದರೆ, ಮುಂದಿನ ಪೀಳಿಗೆಯಲ್ಲಿ ಅವು ಮರಳಿದಾಗ ಬೆರಗಾಗಲು ಏನಿರುತ್ತದೆ?

ಎರಡನೇ ಪೀಳಿಗೆಗೆ ಈ ಹಸಿರು ಜುಂಜುಗಳಲ್ಲೇ ಒಂದು ಗಂಡು, ಒಂದು ಹೆಣ್ಣು. ಪ್ರತಿ ಜೋಡಿ ಮಕ್ಕಳಿಂದ 8 ಮರಿ. ತರಗತಿಯಲ್ಲಿ 40 ಮಕ್ಕಳಿದ್ದರೆ 20 ಜೋಡಿ, 160 ಮರಿ. ಚಿತ್ರ ಎಂಟರಲ್ಲಿ ಒಂದಕ್ಕೆ ಸಾಕು, ಉಳಿದವು ಪಟ್ಟಿಯಲ್ಲೇ ಇರಲಿ. ಪಟ್ಟಿಯಲ್ಲಿ ಚೀಟಿಯ ಅಕ್ಷರಕ್ಕೆ ಒಂದು ಕಾಲಂ, ಕಣ್ಣಿಗೆ ಕಾಣುವ ಗುಣಕ್ಕೆ ಇನ್ನೊಂದು. ಇವೆರಡನ್ನು ಒಂದೇ ಕಾಲಂನಲ್ಲಿ ಬರೆಸಿದರೆ ಬಾಬಾ, ಬಾಬ ಎರಡೂ ಸುರುಳಿಯೇ ಎಂಬುದು ಕಲಸಿಹೋಗುತ್ತದೆ.

ಈಗ ಪಾಠಕ್ಕೆ ಜೀವ ಬರುವ ಜಾಗ. ಒಂದೊಂದು ಜೋಡಿಯ ಎಂಟು ಮರಿಗಳಲ್ಲಿ 6 ಸುರುಳಿ, 2 ನೇರ ಎಂದು ಪುಸ್ತಕ ಹೇಳುತ್ತದೆ. ಸರಿಯಾಗಿ 6:2 ಬರುವ ಸಂಭವ ಶೇ 31 ಮಾತ್ರ. ಎಂಟೂ ಸುರುಳಿಯೇ ಆಗುವ ಸಂಭವ ಶೇ 10, ಅಂದರೆ 20 ಜೋಡಿಗಳಲ್ಲಿ ಸುಮಾರು ಎರಡಕ್ಕೆ ನೇರ ಬಾಲದ ಮರಿ ಒಂದೂ ಹುಟ್ಟುವುದಿಲ್ಲ. ಆ ಮಕ್ಕಳು ತಾವು ತಪ್ಪು ಮಾಡಿದೆವೆಂದುಕೊಂಡು ಗುಟ್ಟಾಗಿ ಪಟ್ಟಿ ತಿದ್ದುತ್ತಾರೆ. ತಿದ್ದುವ ಮೊದಲೇ ಅವರಿಗೆ ಮೆಂಡೆಲ್‌ನ ಬಿಡಿ ಗಿಡಗಳ ಲೆಕ್ಕ ತೋರಿಸಬೇಕು. ಅವನ ಒಂದು ಗಿಡದಲ್ಲಿ 43 ದುಂಡು ಕಾಳು, 2 ಸುಕ್ಕು ಕಾಳು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. ಬಣ್ಣದ ಪ್ರಯೋಗದಲ್ಲಿ ಒಂದು ಗಿಡ 32 ಹಳದಿ ಕಾಳಿಗೆ ಒಂದೇ ಹಸಿರು ಕೊಟ್ಟಿತ್ತು. ಎಲ್ಲ ಗಿಡಗಳನ್ನೂ ಕೂಡಿಸಿದಾಗ ದುಂಡು 5,474, ಸುಕ್ಕು 1,850. ಹಳದಿ 6,022, ಹಸಿರು 2,001. ಒಂದು ಕಡೆ 2.96, ಇನ್ನೊಂದು ಕಡೆ 3.01. ಎಂಟು ಮರಿಯಲ್ಲಿ ಕಾಣದ 3:1 ಸಾವಿರಾರು ಕಾಳುಗಳಲ್ಲಿ ಕಂಡಿತು.

ಆದ್ದರಿಂದ ಹಲಗೆಯ ಮೇಲೆ ಒಂದೊಂದೇ ಜೋಡಿಯ ಲೆಕ್ಕ ಕೂಡಿಸುತ್ತ ಹೋಗಿ, ಪ್ರತಿ ಸಲ ಒಟ್ಟು ಅನುಪಾತ ಬರೆಯಿರಿ. ಮೊದಲು ತೂಗಾಡುವ ಅಂಕಿ ಬರಬರುತ್ತ ನೆಲೆ ನಿಲ್ಲುವುದು ಕಣ್ಣೆದುರೇ ನಡೆಯುತ್ತದೆ. 160ರಲ್ಲಿ 40 ನೇರ ಬಾಲ ನಿರೀಕ್ಷೆ. 30ರಿಂದ 50ರೊಳಗೆ ಏನು ಬಂದರೂ ಸಮಾಧಾನದಿಂದಿರಬಹುದು. ಕೈ-ವರ್ಗ (chi-square) ಪರೀಕ್ಷೆ, ಅಂದರೆ ಬಂದ ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಎಂದು ಅಳೆಯುವ ಲೆಕ್ಕ, ಗೊತ್ತಿರುವ ಮೇಲಿನ ತರಗತಿಯವರು 3.84ರ ಗಡಿಯಿಟ್ಟು ನೋಡಲಿ: 30 ಬಂದರೆ ಬೆಲೆ 3.33, ಪಾಸು, 28 ಬಂದರೆ 4.8, ಆಗ ಚೀಟಿ ಎತ್ತಿದ ಕ್ರಮವನ್ನು ತಪಾಸಣೆ ಮಾಡಬೇಕು. ಡಬ್ಬಿಯ ತಪ್ಪು ಮಾಡಿದವರಿಗೆ ಸುಮಾರು 27 ಬರುತ್ತದೆ ಎಂಬುದನ್ನು ಗಮನಿಸಿ. ಒಂದು ಜೋಡಿಯ ಎಂಟು ಮರಿಯಲ್ಲಿ ಎಂದೂ ಹಿಡಿಯಲಾಗದ ತಪ್ಪು ತರಗತಿಯ ಮೊತ್ತದಲ್ಲಿ ಹೀಗೆ ಹೊರಬೀಳುತ್ತದೆ.

ಮೈಬಣ್ಣದ ಸಾಲನ್ನು ಬೇರೆಯಾಗಿಯೇ ಎಣಿಸಬೇಕು. ನೀಲಿ 40, ಹಸಿರು 80, ಹಳದಿ 40 ನಿರೀಕ್ಷೆ. ಮೊದಲ ಪೀಳಿಗೆಯ ಹಸಿರನ್ನು ಕಂಡು ‘ಬಣ್ಣ ಕಲಸಿದಂತೆ ಗುಣಗಳೂ ಕಲಸಿಹೋಗುತ್ತವೆ’ ಎಂದು ಹೇಳದ ಮಗು ಅಪರೂಪ. ಡಾರ್ವಿನ್ ಕಾಲದ ದೊಡ್ಡ ದೊಡ್ಡ ವಿದ್ವಾಂಸರೂ ಹಾಗೆಯೇ ನಂಬಿದ್ದರು. ಹಸಿರಿಗೆ ಹಸಿರು ಕೂಡಿದಾಗ ಅಚ್ಚ ನೀಲಿ, ಅಚ್ಚ ಹಳದಿ ಮರಳಿ ಬರುವುದನ್ನು ತೋರಿಸಿ, ಕಲಸಿದ ಬಣ್ಣದಿಂದ ಇದು ಆಗುತ್ತದೆಯೇ ಎಂದು ಕೇಳಿದರೆ ಸಾಕು.

ಬಾಲ, ಕಾಲು ಎರಡನ್ನೂ ಒಟ್ಟಿಗೆ ನೋಡಿದರೆ 160ರಲ್ಲಿ 90 (ಸುರುಳಿ-ಮೂರು ಬೆರಳು), 30 (ಸುರುಳಿ-ಎರಡು), 30 (ನೇರ-ಮೂರು), 10 (ನೇರ-ಎರಡು) ಬರಬೇಕು. ಕಾಳಿನ ಆಕಾರ, ಬಣ್ಣ ಎರಡನ್ನೂ ಒಟ್ಟಿಗೆ ನೋಡಿದ ಮೆಂಡೆಲ್‌ಗೆ 556 ಕಾಳುಗಳಲ್ಲಿ 315, 108, 101, 32 ಬಂದಿತ್ತು. ಹತ್ತೇ ಮರಿ ನಿರೀಕ್ಷಿಸುವ ಕೊನೆಯ ಗುಂಪು 5ಕ್ಕೂ ಇಳಿಯಬಹುದು, 15ಕ್ಕೂ ಏರಬಹುದು. ಅಪ್ಪ ಅಮ್ಮನ ಲಿಂಗಾಣುಗಳು ಕೂಡುವ ಸಾಧ್ಯತೆಗಳನ್ನೆಲ್ಲ ಮನೆ ಮನೆಯಾಗಿ ತೋರಿಸುವ ಪನ್ನೆಟ್ ಚೌಕವನ್ನು ಹಲಗೆಗೆ ತರುವುದಾದರೆ ಇಷ್ಟೆಲ್ಲ ಆದಮೇಲೆ ತನ್ನಿ. ಮೊದಲೇ ತಂದರೆ ಅದರ ನಾಲ್ಕು ಮನೆಗಳನ್ನು ನಾಲ್ಕು ಮರಿಗಳೆಂದೇ ಮಕ್ಕಳು ತಿಳಿಯುತ್ತಾರೆ. ಮೂರು ಸುರುಳಿ ಹುಟ್ಟಿದ ಮೇಲೆ ನಾಲ್ಕನೆಯದು ನೇರವಾಗಲೇಬೇಕೆಂದು ಕಾಯುತ್ತಾರೆ.

ಮುಂದಿನ ಆಟ ಪರೀಕ್ಷಾ ಸಂಕರಣ, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ರುಚಿಕರ. ಮುಚ್ಚಿದ ಲಕೋಟೆಯಲ್ಲಿ ಒಂದು ಸುರುಳಿ ಬಾಲದ ಜುಂಜು. ಒಳಗೆ ಬಾಬಾ ಇದೆಯೋ ಬಾಬ ಇದೆಯೋ ಗೊತ್ತಿಲ್ಲ. ಅದನ್ನು ಬಬ ಜುಂಜುವಿನ ಜೊತೆ ಕೂಡಿಸಬೇಕು. ನೇರ ಬಾಲದ ಒಂದೇ ಒಂದು ಮರಿ ಹುಟ್ಟಿದರೂ ಲಕೋಟೆಯಲ್ಲಿರುವುದು ಬಾಬ, ತೀರ್ಪು ಮುಗಿಯಿತು. ಎಲ್ಲ ಸುರುಳಿಯೇ ಹುಟ್ಟುತ್ತಿದ್ದರೆ? ಬಾಬ ಆಗಿದ್ದೂ ಐದು ಮರಿ ಸುರುಳಿಯೇ ಆಗುವ ಸಂಭವ 32ರಲ್ಲಿ 1, ಏಳಾದರೆ 128ರಲ್ಲಿ 1. ಅನುಮಾನ ಅರ್ಧರ್ಧ ಕರಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಷ್ಟು ಮರಿಗೆ ನಿಲ್ಲಿಸಬೇಕೆಂದು ಮಕ್ಕಳೇ ವಾದ ಮಾಡಲಿ.

ಒಂದೇ ವರ್ಣತಂತುವಿನ (ವಂಶವಾಹಿಗಳು ಸಾಲಾಗಿರುವ ಎಳೆಯ, ಕ್ರೋಮೋಸೋಮಿನ) ಮೇಲಿರುವ ವಂಶವಾಹಿಗಳನ್ನು ತೋರಿಸಲು ಚೌಕ ಚೀಟಿ ಬಿಟ್ಟು ಪಟ್ಟಿ ಬೇಕು. 10 ಸೆಂಟಿಮೀಟರ್ ಉದ್ದದ ಪಟ್ಟಿಯ ಒಂದು ತುದಿಗೆ ಬಾ, ಇನ್ನೊಂದಕ್ಕೆ ಕಾ. ಎರಡನೇ ಪಟ್ಟಿಗೆ ಬ, ಕ. ಪಟ್ಟಿ ಇಡಿಯಾಗಿ ಹೋಗುವುದರಿಂದ 160ರಲ್ಲಿ 120 ಸುರುಳಿ-ಮೂರು ಬೆರಳು, 40 ನೇರ-ಎರಡು ಬೆರಳು. ಬೇರೆ ಜೋಡಣೆಯೇ ಇಲ್ಲ. ಆಮೇಲೆ ಪಟ್ಟಿಗಳನ್ನು ನಡುವೆ ಕತ್ತರಿಸಿ ಪೇಪರ್ ಕ್ಲಿಪ್‌ನಿಂದ ಜೋಡಿಸಿ. ಲಿಂಗಾಣು ಮಾಡುವ ಮುನ್ನ ದಾಳ ಎಸೆಯಿರಿ, 1 ಬಿದ್ದರೆ ಮಾತ್ರ ಎರಡು ಪಟ್ಟಿಗಳ ಕೆಳಗಿನ ಅರ್ಧಗಳನ್ನು ಅದಲು ಬದಲು ಮಾಡಿ. ಬಬ ಕಕ ಜೊತೆ ಕೂಡಿಸಿದರೆ 60 ಮರಿಗಳಲ್ಲಿ ಸುಮಾರು 10 ಹೊಸ ಜೋಡಣೆಯವು ಬರುತ್ತವೆ. ಒಂದು ಲಿಂಗಾಣು ಆದಕೂಡಲೇ ಪಟ್ಟಿಗಳನ್ನು ಮೊದಲಿನಂತೆ ಜೋಡಿಸುವುದನ್ನು ಮರೆತರೆ ಲೆಕ್ಕವೆಲ್ಲ ಅಡಿಮೇಲು. ತಳಿವಿಜ್ಞಾನಿ ಅಲ್‌ಫ್ರೆಡ್ ಸ್ಟರ್ಟೆವಂಟ್ 1913ರಲ್ಲಿ ಹಣ್ಣುನೊಣದ ಎಕ್ಸ್ ವರ್ಣತಂತುವಿನ ನಕ್ಷೆ ಬರೆದದ್ದು ಇಂಥದೇ ಲೆಕ್ಕದಿಂದ: ಹೊಸ ಜೋಡಣೆ ಹೆಚ್ಚಿದಷ್ಟೂ ವಂಶವಾಹಿಗಳ ನಡುವಿನ ದೂರ ಹೆಚ್ಚು.

ಇಲ್ಲದ ಪ್ರಾಣಿ ಏಕೆ, ಮಕ್ಕಳ ಮನೆಯವರ ಕಿವಿ, ನಾಲಿಗೆ, ಕಣ್ಣನ್ನೇ ನೋಡಬಾರದೇ ಎಂದು ಕೇಳುವವರಿದ್ದಾರೆ. ನಾಲಿಗೆ ಮಡಿಸುವುದು ಒಂದೇ ವಂಶವಾಹಿಯ ಗುಣ ಎಂದು 1940ರಲ್ಲಿ ಸೂಚಿಸಿದವನು ಇದೇ ಸ್ಟರ್ಟೆವಂಟ್. ಏಕರೂಪಿ ಅವಳಿಗಳಲ್ಲೇ ಒಬ್ಬರು ಮಡಿಸಬಲ್ಲರು, ಇನ್ನೊಬ್ಬರು ಮಡಿಸಲಾರರು ಎಂದು 1952ರಲ್ಲಿ ತೋರಿಬಂತು. ಅಂಟಿದ ಕಿವಿಹಾಲೆ, ಕಣ್ಣಿನ ಬಣ್ಣ ಕೂಡ ಹಲವು ವಂಶವಾಹಿಗಳ ಕೆಲಸ. ಸರಳ ನಿಯಮ ಹೊಂದದ ಗುಣವನ್ನು ಹಿಡಿದು ‘ನಿನ್ನ ಅಪ್ಪ ಅಮ್ಮನಿಗೆ ನೀನು ಹುಟ್ಟುವುದು ಸಾಧ್ಯವಿಲ್ಲ’ ಎಂಬ ತೀರ್ಮಾನಕ್ಕೆ ಒಂದು ಮಗು ಬಂದರೆ ಅದಕ್ಕೆ ಹೊಣೆ ಯಾರು? ಜುಂಜುವಿಗೆ ಆ ಸಂಕಟವಿಲ್ಲ.

ಜುಂಜುವಿನ ದೋಷವೂ ಒಂದಿದೆ, ಅದನ್ನು ಮುಚ್ಚಿಡಬಾರದು. ಒಂದು ಗುಣಕ್ಕೆ ಒಂದೇ ವಂಶವಾಹಿ ಎಂಬ ನಂಬಿಕೆಯನ್ನು ಅದು ಮಕ್ಕಳ ತಲೆಯಲ್ಲಿ ಬಿಟ್ಟುಹೋಗುತ್ತದೆ. ಕೊನೆಯ ದಿನ ಜುಂಜುವಿಗೆ ಎತ್ತರ ಕೊಡಿ. ಹೊಸದಾಗಿ ಮೂರು ಸಾಲು ಚೀಟಿ, ಗಾ ಮತ್ತು ಗ, ಪಾ ಮತ್ತು ಪ, ರಾ ಮತ್ತು ರ. ಇಲ್ಲಿ ಪ್ರಬಲ ದುರ್ಬಲ ಇಲ್ಲ. ಮರಿಯಲ್ಲಿ ಎಷ್ಟು ದೀರ್ಘಾಕ್ಷರ ಇವೆಯೋ 10 ಸೆಂಟಿಮೀಟರಿಗೆ ಅಷ್ಟು ಸೆಂಟಿಮೀಟರ್ ಸೇರಿಸಿ. ಮೂರೂ ಸಾಲಿನಲ್ಲಿ ಒಂದು ದೀರ್ಘ ಒಂದು ಹ್ರಸ್ವ ಇರುವ ಜೋಡಿಯನ್ನು ಕೂಡಿಸಿದರೆ 10ರಿಂದ 16 ಸೆಂಟಿಮೀಟರ್‌ವರೆಗೆ ಏಳು ಎತ್ತರಗಳು, 64 ಮರಿಗಳಿಗೆ 1, 6, 15, 20, 15, 6, 1 ಎಂಬ ಲೆಕ್ಕದಲ್ಲಿ. ಮರಿಗೊಂದು ಚೌಕದಂತೆ ಗ್ರಾಫ್ ಹಾಳೆಯಲ್ಲಿ ಪೇರಿಸಿದರೆ ನಡುವೆ ಗುಡ್ಡ ಏಳುತ್ತದೆ. ಅದರ ಪಕ್ಕದಲ್ಲೇ ತರಗತಿಯ ಮಕ್ಕಳ ಎತ್ತರಗಳ ಗ್ರಾಫನ್ನೂ ಬರೆಸಬಹುದು. ಹೆಸರು ಬರೆಸುವುದು ಬೇಡ, ಬರೀ ಅಂಕಿ ಸಾಕು.

ಇತಿ,
ಜೀವವಿಜ್ಞಾನ ಬೋಧಿಸುವ ಕೆಲವು ಶಿಕ್ಷಕರು